ಮೂವತ್ತೊಂದು ಬಿಳಿ ಕಾಳು

೯ ನವೆಂಬರ್ ೨೦೨೪, ಶನಿವಾರ

ಇವತ್ತು ಮಿಲ್ಲಿನಲ್ಲಿ ಬಾಯಿಗೆ ಬಂದದ್ದು ಅಂದುಬಿಡುತ್ತಿದ್ದೆ. ಕಾರ್ತಿಕ ಮಾಸ, ನಾಲಿಗಿ ಹೊಲಸು ಮಾಡಿಕೊಳ್ಳಬಾರದು ಅಂತ ನುಂಗಿಕೊಂಡು ಬಂದು ಇದರಲ್ಲಿ ಬರೆಯುತ್ತಿದ್ದೇನೆ. ಗೊಬ್ಬರದ ಅಂಗಡಿಯವರು ಕೊಟ್ಟ ಡೈರಿ, ವರ್ಷವೆಲ್ಲ ಖಾಲಿ ಬಿದ್ದಿತ್ತು. ಏಳನೇ ಕ್ಲಾಸಿನ ತನಕ ಕಲಿತ ಅಕ್ಷರ ಸಿಟ್ಟಿಗಾದರೂ ಉಪಯೋಗಕ್ಕೆ ಬರಲಿ.

ಮಾನ್ವಿಯ ಈ ಮಿಲ್ಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ನಾನು ಸ್ಯಾಂಪಲ್ ನೋಡುವಾಕಿ. ರೈತರ ಚೀಲದಿಂದ ಒಂದು ಹಿಡಿ ಭತ್ತ ತೆಗೆದು, ಸಣ್ಣ ಮಿಷಿನ್ನಿನಲ್ಲಿ ಹೊಟ್ಟು ಬಿಡಿಸಿ, ಅಕ್ಕಿಯನ್ನು ತಟ್ಟಿಯಲ್ಲಿ ಹರವಿ, ನುಚ್ಚು ಎಷ್ಟು, ಸುಣ್ಣ ಹಿಡಿದಂಥ ಬಿಳಿ ಕಾಳು ಎಷ್ಟು ಅಂತ ಬೆರಳಿಂದ ಆರಿಸಿ ಎಣಿಸುತ್ತೇನೆ. ಆ ಲೆಕ್ಕದ ಮ್ಯಾಲೆ ಭತ್ತ ಒಂದನೇ ರಾಶಿಗೋ ಮೂರನೇ ರಾಶಿಗೋ ಹೋಗುತ್ತದೆ, ರೇಟೂ ಹಂಗೇ ಇಳಿಯುತ್ತದೆ. ಬಸವಂತಮ್ಮ ಅಂದದ್ದನ್ನು ರೈತನೂ ಕೇಳಬೇಕು, ಸಾವುಕಾರನೂ ಕೇಳಬೇಕು. ಹಿರೇ ಸಾವುಕಾರ್ರು ಇದ್ದಾಗ ಹಂಗಿತ್ತು. ಈಗ ಅವರ ಮಗ ಚನ್ನವೀರ ನನ್ನ ತಟ್ಟಿಯ ಎದುರಿಗೆ ಒಂದು ಡಬ್ಬಿ ತಂದು ಕೂಡಿಸಿದ್ದಾನೆ. ಕರಿ ತಟ್ಟಿ, ಅದರ ಮ್ಯಾಲೆ ಕ್ಯಾಮೆರಾ, ಪಕ್ಕದಲ್ಲಿ ಆಫೀಸಿನ ಕಂಪ್ಯೂಟರ್. ಅಕ್ಕಿ ಹರವಿದರೆ ಕಂಪ್ಯೂಟರಿನ ಪರದಿಯ ಮ್ಯಾಲೆ ಕಾಳು ದೊಡ್ಡದಾಗಿ ಕಾಣುತ್ತವೆ, ಎಷ್ಟು ಅಂತ ಅದೇ ಹೇಳುತ್ತದೆ.

ಮಾಡಿದಾಕಿ ರಾಯಚೂರಿನ ಸುನಂದಾ ಅಂತ, ಇಪ್ಪತ್ತೇಳರ ಹುಡುಗಿ, ತವರು ದೇವದುರ್ಗದ ಕಡೆ ಜಾಲಹಳ್ಳಿ. ನಿನ್ನೆ ಕೂಡಿಸುವಾಗ, "ಇನ್ನ ನಿಮ್ಮ ಕಣ್ಣಿಗಿ ತ್ರಾಸಿಲ್ಲ ಬಿಡ್ರಿ ಯವ್ವಾ" ಅಂದಳು.

"ನನ್ನ ಕಣ್ಣಿಗಿ ತ್ರಾಸ ಆಗ್ಯಾದಂತ ನಿನಗ ಯಾರು ಹೇಳಿದರು?" ಅಂದೆ. ಆಕಿ ವೈರು ಸುತ್ತಿದಳು.

ನನಗೆ ಉರಿದದ್ದು ಬೇರೆ. ಆ ಪರದಿಯ ತುಂಬ ಶಿವನ ಫೋಟೋ ಇತ್ತು. ದಿನಾ ಮುಂಜಾನೆ ಊದಿನಕಡ್ಡಿ ಹಚ್ಚುತ್ತಿದ್ದೆ. ಇವತ್ತು ನೋಡಿದರೆ ದೇವರಿಲ್ಲ, ಮ್ಯಾಲೆಲ್ಲ ಅಕ್ಕಿಯ ಚಿತ್ರ.

"ದೇವರೆಲ್ಲಿ ಹೋದ್ನೋ ನಿಂಗರಾಜ?" ಅಂತ ಗುಮಾಸ್ತನಿಗೆ ಕೇಳಿದೆ.

"ಕೆಳಗ ಅದಾನ್ರೀ. ಇದು ವಿಂಡೋ ಅಂತ. ಕಿಟಕಿ ಇದ್ದಂಗ."

"ಕಿಟಕ್ಯಾಗ ಹಣಿಕಿದ್ರ ಒಳಗಿದ್ದವರು ಕಾಣಬೇಕು. ನೀವು ದೇವರ ಮ್ಯಾಲೆ ಚಾಪಿ ಹಾಸೀರಿ!"

ನಮ್ಮ ಮನಿಯಲ್ಲಿ ದೇವರ ಫೋಟೋದ ಮ್ಯಾಲೆ ಕಡ್ಡಿಪೆಟ್ಟಿಗಿ ಸಹ ಇಡುವುದಿಲ್ಲ. ತಗಿ ಇಲ್ಲಾ ನಾ ಇಲ್ಲಿ ಕೂಡಾಕಿ ಅಲ್ಲ ಅಂದೆ. ನಿಂಗರಾಜ ಒಂದು ತಾಸು ಕೀಬೋರ್ಡು ಕುಟ್ಟಿ, ದೇವರಿಗೇ ಒಂದು ಸಣ್ಣ ಕಿಟಕಿ ಮಾಡಿಕೊಟ್ಟ. ಬಲಗಡೆ ಮ್ಯಾಲಿನ ಮೂಲಿಯಲ್ಲಿ ಕೂಡುತ್ತದೆ. ಯಾವ ಕಿಟಕಿ ಬಂದರೂ ಇದರ ಕೆಳಗೇ ಹೋಗಬೇಕು. ಒಂದೊಂದು ವಾರಕ್ಕೆ ಒಂದೊಂದು ದೇವರನ್ನು ನಾನೇ ಆರಿಸಿದೆ. ಸೋಮವಾರಕ್ಕೆ ಮಲ್ಲಿಗಿ ಮೊಗ್ಗು ಏರಿಸಿದ ಕರಿ ಲಿಂಗ, ಮಂಗಳವಾರಕ್ಕೆ ಕೆಂಪು ಸೀರಿಯ ದೇವಿ, ಹಿಂಗ. ಆ ಹುಡುಗಿ ನಿನ್ನೆಯೇ ಬಸ್ಸು ಹತ್ತಿ ಹೋಗಿದ್ದಳು. ಆಕಿಗೆ ಕೇಳುವ ಜರೂರೂ ಇರಲಿಲ್ಲ.

೧೧ ನವೆಂಬರ್, ಸೋಮವಾರ

ಉಪವಾಸ. ಹೊಟ್ಟಿ ಖಾಲಿ ಇದ್ದದ್ದಕ್ಕೆ ಬಂದ ಸಿಟ್ಟಲ್ಲ ಇದು.

ಸೋಮವಾರ ಕುರ್ಡಿಯವರ ಪಾಳಿ. ಗದ್ದಲ ಆಗಬಾರದಂತ ಒಂದೊಂದು ಊರಿಗೆ ಒಂದೊಂದು ದಿನ ಕೊಟ್ಟಿದ್ದಾರೆ. ಮೊದಲು ಗಡಿಗೆಪ್ಪಣ್ಣನ ಟ್ರ್ಯಾಕ್ಟರು. ಡಬ್ಬಿ ಬಿಳಿ ಕಾಳು ಮೂವತ್ತೇಳು ಅಂತು. ಅದೇ ಅಕ್ಕಿ ನಾನು ಎಣಿಸಿದೆ. ಆರು.

"ಮೂವತ್ತೇಳೆಲ್ಲಿ, ಆರೆಲ್ಲಿ?" ಅಂದ ಸಾವುಕಾರ.

"ಅಂಗೈಯಾಗ ಹಿಡದೀನಿ, ನೋಡ್ರಿ."

ನೋಡಿ ಅವನಿಗೇನು ತಿಳಿಯಬೇಕು. ಬಿಳಿ ಕಾಳಿಗೂ ಸಾದಾ ಕಾಳಿಗೂ ಫರಕು ಗೊತ್ತಿಲ್ಲದವ. ಮಾರಿ ನೋಡಿ ಕೇಳಿದ, "ಕುರ್ಡಿ ನಿನ್ನ ತವರುಮನಿ ಅಲ್ಲೇನು ಬಸವಂತಮ್ಮ?"

ನಾನು ಹೌದ್ರೀ ಅಂದೆ. ಅಂದ ಮ್ಯಾಲೆ ತಿಳಿಯಿತು ಯಾಕೆ ಕೇಳಿದ ಅಂತ. ಅಂಗೈಯ ಕಾಳು ಅಲ್ಲೇ ಚೆಲ್ಲಿದವು.

ಗಡಿಗೆಪ್ಪಣ್ಣ, "ಡಬ್ಬಿಗಿ ಕಣ್ಣಾಗ ಪೊರಿ ಬಂದಾದೇನು ನೋಡಸ್ರಿ ಸಾವುಕಾರ್ರ, ರಾಯಚೂರಾಗ ಆಪರೇಷನ್ ಮಾಡತಾರ" ಅಂದ. ಎಲ್ಲರೂ ನಕ್ಕರು. ಭತ್ತ ಮಾತ್ರ ಮೂರನೇ ರಾಶಿಗೆ ಹೋಯಿತು. ಎರಡನೇ ಟ್ರ್ಯಾಕ್ಟರು ಡಬ್ಬಿಯದು ಮೂವತ್ತೈದು, ನನ್ನದು ನಾಲ್ಕು. ಮೂರನೆಯದು ನಲವತ್ತೊಂದು, ನನ್ನದು ಹತ್ತು. ಬರೆದಿಡುತ್ತೇನೆ. ಇಪ್ಪತ್ತೆರಡು ವರ್ಷದಲ್ಲಿ ನನಗೆ ಯಾರೂ ಕಳ್ಳಿ ಅಂದಿರಲಿಲ್ಲ. ಇವತ್ತೂ ಅನ್ನಲಿಲ್ಲ, ತವರುಮನಿ ಅಂದ ಅಷ್ಟೆ.

೧೩ ನವೆಂಬರ್, ಬುಧವಾರ

ಸುನಂದಾಳನ್ನು ಕರೆಸಿದರು. ಆಕಿ ಬರುವ ಮುಂಚೆ ನಿಂಗರಾಜ ದೇವರ ಕಿಟಕಿ ಮುಚ್ಚಿಬಿಟ್ಟಿದ್ದ. "ಇಂಜಿನಿಯರ್ ನೋಡಿದ್ರ ನಗತಾರ್ರೀ" ಅಂದ.

"ದೇವರನ್ನ ನೋಡಿ ನಗಾಕಿ ಆಕಿ ಯಾವೂರಾಕಿ? ನಿನಗ ನಾಚಿಕಿ ಬರಬೇಕು" ಅಂದೆ. ಆಕಿ ಹೋದ ಮ್ಯಾಲೆ ಮತ್ತೆ ಕೂಡಿಸಿದ.

ಇವತ್ತು ಪೋತ್ನಾಳದವರ ಪಾಳಿ. ಹುಡುಗಿ ಐದು ಸ್ಯಾಂಪಲ್ ಹಾಕಿದಳು. ಡಬ್ಬಿ ಎಂಟು ಅಂದರೆ ನಾನೂ ಎಂಟು. ಡಬ್ಬಿ ಐದು, ನಾನೂ ಐದು. ಒಂದೂ ತಪ್ಪಲಿಲ್ಲ. ತಪ್ಪಲಿ ಅಂತ ಮನಸಿನಲ್ಲೇ ಶಿವನಿಗೆ ಬೇಡಿಕೊಂಡೆ, ಅದನ್ನೂ ಇಲ್ಲಿ ಬರೆಯುತ್ತೇನೆ.

ಸಾವುಕಾರ ಕುರ್ಚಿಯಲ್ಲಿ ಕುಂತು ಹೇಳಿದ, "ಪೋತ್ನಾಳದವರು ಬಂದಾಗ ಸರಿ, ಕುರ್ಡಿಯವರು ಬಂದಾಗ ತಪ್ಪು. ಮಿಷಿನ್ನಿಗಿ ಊರು ಗೊತ್ತದೇನು ಬಸವಂತಮ್ಮ? ಊರು ಗೊತ್ತಿದ್ದಾಕಿ ಇಲ್ಲಿ ಒಬ್ಬಾಕೆ."

ಹುಡುಗಿ ತಲಿ ತಗ್ಗಿಸಿದಳು. ನನ್ನ ಪರವಾಗಿ ಒಂದು ಮಾತು ಆಡಲಿಲ್ಲ. ಆಕಿ ಯಾಕೆ ಆಡಬೇಕು. ದೇವದುರ್ಗದ ಒಬ್ಬ ಮಿಲ್ಲಿನವ, ಮಾನ್ವಿಯಲ್ಲಿ ಸರಿ ನಡೆದರೆ ನಾನೂ ತಗೋತೀನಿ ಅಂದಿದ್ದಾನಂತೆ. ಎರಡು ವರ್ಷ ಒಬ್ಬಾಕೆ ಕುಂತು ಮಾಡಿದ್ದಂತೆ. ನಂದು ಇಪ್ಪತ್ತೆರಡು.

೧೮ ನವೆಂಬರ್, ಸೋಮವಾರ

ಡಬ್ಬಿ ನಲವತ್ತೆರಡು, ನಾನು ಹನ್ನೊಂದು. ಡಬ್ಬಿ ಮೂವತ್ತಾರು, ನಾನು ಐದು.

ಡಿಸೆಂಬರಿನಿಂದ ನಾನು ಚೀಲ ಹೊಲಿಯುವ ಶೆಡ್ಡಿಗೆ ಹೋಗಬೇಕಂತ ಸಾವುಕಾರ ಹೇಳಿದ. ಅದೂ ಎಲ್ಲರ ಎದುರಿಗೆ.

ಗಡಿಗೆಪ್ಪಣ್ಣ ಈ ಸಲ ನಗಲಿಲ್ಲ. "ನೀ ಇದ್ದೂ ಹಿಂಗಾದ್ರ, ನೀ ಯಾಕ ಇರಬೇಕವಾ ತಂಗಿ?" ಅಂದು ಹೋದ.

೧೯ ನವೆಂಬರ್, ಮಂಗಳವಾರ

ಏನೂ ಬರೆಯುವುದಿಲ್ಲ. ಡಬ್ಬಿಗೆ ಬೆಂಕಿ ಬೀಳಲಿ.

೨೧ ನವೆಂಬರ್, ಗುರುವಾರ

ರಜಾ ಹಾಕಿ ರಾಯಚೂರಿಗೆ ಹೋಗಿದ್ದೆ. ಆ ಹುಡುಗಿಯ ಜೊತಿ ಜಗಳ ಮಾಡಲಿಕ್ಕೇ ಹೋದದ್ದು. ತೀನ್ ಕಂದೀಲ್ ಹತ್ತಿರ ಒಂದು ಫೋಟೋ ಸ್ಟುಡಿಯೋದ ಮ್ಯಾಲೆ ಆಕಿಯ ರೂಮು. ಮೆಟ್ಟಿಲು ಹತ್ತುತ್ತಾ ಏನೇನು ಅನ್ನಬೇಕು ಅಂತ ಜೋಡಿಸಿಕೊಂಡಿದ್ದೆ. ಒಳಗೆ ಹೋದರೆ ಆಕಿ ನನಗಿಂತ ಜೋರಾಗಿ ಪರದಿಗೆ ಬೈಯುತ್ತಾ ಕುಂತಿದ್ದಳು.

"ಬರಕೋ ಅಂದ್ರ ಬರಕೋವಲ್ದು, ಹಾಳಾದ್ದು!"

ದೇವದುರ್ಗದವನಿಗೆ ತೋರಿಸಲಿಕ್ಕೆ ಏನೋ ಹೊಸದು ಮಾಡುತ್ತಿದ್ದಳು. ಒಂದು ಕಿಟಕಿ ಹಿಡಿದು ಎಳೆದರೆ ಅದು ಹೋದ ದಾರಿಯಲ್ಲೆಲ್ಲ ಅದರದೇ ಗೆರಿ ಉಳಿಯುತ್ತಿತ್ತು, ಹಸಿ ಅರಿವಿಯಿಂದ ಅರ್ಧಮರ್ಧ ಒರೆಸಿದ ಪಾಟಿಯ ಹಂಗ.

"ಇದ್ಯಾಕ ಹಿಂಗ?" ಅಂತ ಕೇಳಿಬಿಟ್ಟೆ. ಜಗಳ ಅಲ್ಲೇ ತಪ್ಪಿತು.

"ಮ್ಯಾಲಿನ ಕಿಟಕಿ ಸರಿದ ಕೂಡ್ಲೇ ಕೆಳಗಿನದಕ್ಕ ಹೇಳಬೇಕ್ರೀ ಯವ್ವಾ. ನಿನ್ನ ಈ ಮೂಲಿ ಬಯಲಾತು, ಅಷ್ಟು ಬರಕೋ ಅಂತ. ನಾ ಎಲ್ಯೋ ಹೇಳೋದು ಮರತೀನಿ."

"ಮತ್ತ ಬರಕೊಳ್ಳೋದು ಯಾಕ? ಕೆಳಗ ಚಿತ್ರ ಇರತದಲ್ಲ."

"ಇರಂಗಿಲ್ರೀ. ಪರದಿ ಒಂದೇ ಪದರು. ಮ್ಯಾಲೆ ಏನು ಕಾಣತದೋ ಅಷ್ಟೇ. ಕೆಳಗ ಅಂಬೋದೇ ಇಲ್ಲ."

ನಾನು ಇಷ್ಟು ದಿನ ಕೌದಿಯ ಹಂಗ ತಿಳಿದಿದ್ದೆ. ಮ್ಯಾಲಿನ ಅರಿವಿ ಎತ್ತಿದರೆ ಕೆಳಗಿನದು ತನ್ನ ಪಾಡಿಗೆ ಇರುತ್ತದೆ ಅಂತ. ಇಲ್ಲವಂತೆ. ಮುಚ್ಚಿದ್ದು ಇಲ್ಲವೇ ಇಲ್ಲವಂತೆ.

ಚಹಾ ಕೊಟ್ಟಳು. ಕುರ್ಡಿಯ ವಿಷಯ ತೆಗೆದೆ. "ಯವ್ವಾ, ನಿಮ್ಮ ಕೈ ಸುಳ್ಳು ಅಂತ ನಾ ಅಂದಿಲ್ಲ. ನಂದೂ ಸುಳ್ಳಲ್ಲ. ನೂರು ಸಲ ನೋಡೀನಿ" ಅಂದಳು. ಕಣ್ಣು ಕೆಂಪಗಾಗಿದ್ದವು. ಬೈಯಲಿಕ್ಕೆ ಹೋದಾಕಿ ಚಹಾ ಕುಡಿದು ಬಂದೆ. ನನ್ನ ಮ್ಯಾಲೆ ನನಗೇ ಸಿಟ್ಟು.

೨೫ ನವೆಂಬರ್, ಸೋಮವಾರ

ಕಡೇ ಕಾರ್ತಿಕ ಸೋಮವಾರ. ಮುಂಜಾನೆ ಬೇಗ ಹೋಗಿ ಊದಿನಕಡ್ಡಿ ಹಚ್ಚಿ, ಕರಿ ತಟ್ಟಿ ಒರೆಸಿ, ನಿಂಗರಾಜ ತೋರಿಸಿದ ಹಂಗ ಗುಂಡಿ ಒತ್ತಿದೆ. ಯಾಕೆ ಒತ್ತಿದೆನೋ. ತಟ್ಟಿಯಲ್ಲಿ ಒಂದು ಕಾಳೂ ಇರಲಿಲ್ಲ.

ಬಿಳಿ ಕಾಳು ಮೂವತ್ತೊಂದು ಅಂತ ಬಂತು!

ಕೂಗಿದ ಕೂಗಿಗೆ ಹಮಾಲರೆಲ್ಲ ಓಡಿ ಬಂದರು. ಕುರ್ಡಿಯವರು ಬಂದರು, ಸಾವುಕಾರ ಬಂದ. "ಒತ್ರಿ, ನೀವೇ ಒತ್ರಿ" ಅಂದೆ. ಖಾಲಿ ತಟ್ಟಿಗೆ ಮತ್ತೆ ಮೂವತ್ತೊಂದು. ಗಡಿಗೆಪ್ಪಣ್ಣ ಟವಲ್ಲು ಝಾಡಿಸಿ, "ಗಾಳ್ಯಾಗೂ ಬಿಳಿ ಕಾಳು ಬೆಳೀತದ್ರೀ ಈ ಡಬ್ಬಿ! ನಮಗೂ ಅದರದೇ ಬೀಜ ಕೊಡ್ರಿ" ಅಂದ. ಸಾವುಕಾರ ಸುನಂದಾಳಿಗೆ ಫೋನು ಹಚ್ಚಿ, ಆಕಿಗೆ ಅನ್ನಬಾರದ್ದೆಲ್ಲ ಅಂದ, ಬಂದು ಡಬ್ಬಿ ಎತ್ತಿಕೊಂಡು ಹೋಗು ಅಂದ. ನನಗೆ "ನೀ ಕುಂದ್ರು ನಿನ್ನ ಜಾಗಾದಾಗ" ಅಂದ. ಕುಂತೆ. ಹೊಟ್ಟಿ ತಣ್ಣಗಾಯಿತು.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ, ನನ್ನ ಮಾತು ಉಳಿಸಿದೆಯಪ್ಪಾ ಅಂತ ಪರದಿಯ ದೇವರಿಗೆ ಕೈ ಮುಗಿದೆ. ನನಗೊಂದು ಖೋಡಿ ರೂಢಿ ಅದ, ಕಂಡದ್ದನ್ನೆಲ್ಲ ಎಣಿಸುವುದು. ಲಿಂಗದ ಮ್ಯಾಲಿನ ಮಲ್ಲಿಗಿ ಮೊಗ್ಗು ಎಣಿಸಿದೆ.

ಮೂವತ್ತೊಂದು.

ಕರಿ ಕಲ್ಲಿನ ಮ್ಯಾಲೆ ಬಿಳಿ ಮೊಗ್ಗು, ಕರಿ ತಟ್ಟಿಯಲ್ಲಿ ಬಿಳಿ ಕಾಳು. ಉಳಿದ ವಾರದ ಯಾವ ದೇವರಿಗೂ ಹಿಂಗ ಬಿಳಿ ಹೂವಿಲ್ಲ. ಮ್ಯಾಲೆ ಕಾಣುವುದಷ್ಟೇ, ಕೆಳಗ ಅಂಬೋದೇ ಇಲ್ಲ ಅಂದಿದ್ದಳು ಹುಡುಗಿ. ಮನಿಗೆ ಬಂದು ಈ ಡೈರಿಯ ಹಿಂದಿನ ಹಾಳಿ ತೆಗೆದೆ. ಮೂವತ್ತೇಳರಲ್ಲಿ ಆರು ಕಳೆದೆ. ಮೂವತ್ತೈದರಲ್ಲಿ ನಾಲ್ಕು. ನಲವತ್ತೊಂದರಲ್ಲಿ ಹತ್ತು. ನಲವತ್ತೆರಡರಲ್ಲಿ ಹನ್ನೊಂದು. ಯಾವುದು ಕಳೆದರೂ ಅದೇ ಉಳಿಯುತ್ತದೆ.

೨೬ ನವೆಂಬರ್, ಮಂಗಳವಾರ

ನಿಂಗರಾಜ ಡಬ್ಬಿಗೆ ಚೀಲ ಮುಚ್ಚಿದ್ದಾನೆ. ಸಾವುಕಾರ ನನಗೆ ತಾನೇ ಚಹಾ ತರಿಸಿ ಕೊಟ್ಟ.

ಸುನಂದಾ ಫೋನು ಮಾಡಿದ್ದಳು. ದೇವದುರ್ಗದವನಿಗೆ ಆಗಲೇ ಸುದ್ದಿ ಮುಟ್ಟಿ, ಅವನೂ ಒಲ್ಲೆ ಅಂದನಂತೆ. "ಯವ್ವಾ, ಖಾಲಿ ತಟ್ಟಿಗಿ ಮೂವತ್ತೊಂದು ಹೆಂಗ ಬಂತು, ಅಷ್ಟು ಹೇಳ್ರಿ ಸಾಕು. ಇಲ್ಲಿ ಸೊನ್ನಿನೇ ಬರತದ."

"ನನಗೇನು ಗೊತ್ತವ್ವಾ, ನಾ ಕಲಿತಾಕಿ ಅಲ್ಲ" ಅಂದೆ.

ಕಾರ್ತಿಕ ಮಾಸದಲ್ಲಿ, ಊದಿನಕಡ್ಡಿ ಹಿಡಿದ ಕೈಯಲ್ಲೇ ಫೋನು ಹಿಡಿದು ಅಂದೆ.

೨೭ ನವೆಂಬರ್, ಬುಧವಾರ

ಯಪ್ಪಾ ಶಿವನೇ, ನಿನ್ನ ಮ್ಯಾಲೆ ಯಾರೂ ಏನೂ ಇಡಬಾರದಂತ ನಾನು ಹೊಡೆದಾಡಿದೆ. ನೀನು ಹೋಗಿ ರೈತರ ಅಕ್ಕಿಯ ಮ್ಯಾಲೆ ಕುಂತಿ. ನಿನಗೆ ಬೇರೆ ಜಾಗ ಸಿಗಲಿಲ್ಲೇನು?

ಅಲ್ಲ. ಕೂಡಿಸಿದಾಕಿ ನಾನು.

ಸುಮ್ಮನಿದ್ದರೆ ಜಾಗ ಉಳಿಯುತ್ತದೆ. ಕುರ್ಡಿಯವರ ಭತ್ತ ಮೂರನೇ ರಾಶಿಯಲ್ಲೇ ಉಳಿಯುತ್ತದೆ. ಡಬ್ಬಿ ಕೆಟ್ಟಿತ್ತು ಅಂತ ಒಪ್ಪಿದ ಸಾವುಕಾರ, ಆ ಭತ್ತದ ದರ್ಜೆ ತಿದ್ದುವ ಮಾತು ಮಾತ್ರ ಎತ್ತಿಲ್ಲ.

೨೯ ನವೆಂಬರ್, ಶುಕ್ರವಾರ

ಹುಡುಗಿಗೆ ನಾನೇ ಫೋನು ಮಾಡಿ ಕರೆದೆ. ಡಬ್ಬಿ ಒಯ್ಯಲಿಕ್ಕೆ ಬಂದಾಳಂತ ಸಾವುಕಾರ ತಿಳಿದಿದ್ದ. ಅವನನ್ನೂ ನಿಂಗರಾಜನನ್ನೂ ಎದುರಿಗೆ ನಿಲ್ಲಿಸಿ, ಸೋಮವಾರದ ಲಿಂಗದ ಚಿತ್ರ ಪರದಿಯ ಮ್ಯಾಲೆ ತರಿಸಿದೆ. ಖಾಲಿ ತಟ್ಟಿ, ಮೂವತ್ತೊಂದು. ಕಂಪ್ಯೂಟರಿನ ಆ ಇಲಿಯಂಥಾದ್ದು ಹಿಡಿದು ದೇವರನ್ನು ಮೂಲಿಯಿಂದ ಹೊರಗೆ ನಾನೇ ಎಳೆದೆ. ಸೊನ್ನಿ. ಮತ್ತೆ ಎಳೆದು ಕೂಡಿಸಿದೆ. ಮೂವತ್ತೊಂದು.

"ನಾ ಮಾಡಿಸಿದ್ದು. ನಿಂಗರಾಜನ ಕಡಿಂದ ನಾನೇ ಹಟ ಹಿಡಿದು ಮಾಡಿಸೀನಿ" ಅಂದೆ.

ಸುನಂದಾ ಬೈಯುತ್ತಾಳೆ ಅಂತ ಕಾದೆ. ಆಕಿ ಹಣಿ ಹಿಡಿದುಕೊಂಡು ಕುಂತಳು. "ಇಲ್ಲ ಯವ್ವಾ, ನಂದು. ಕ್ಯಾಮೆರಾದ ಚಿತ್ರ ಯಾರಿಗೂ ಕಾಣದಂಗ ಒಳಗ ಬ್ಯಾರೆ ಹಾಳ್ಯಾಗ ಇಟಗೊಂಡು ಎಣಿಸಬೇಕಿತ್ತು. ಅದು ಬಿಟ್ಟು ಪರದಿ ಮ್ಯಾಲೆ ಕಂಡಿದ್ದನ್ನ ಎಣಿಸೀನಿ. ಲಗೂ ಆಗತದಂತ ಹಂಗ ಮಾಡಿ, ಆಮ್ಯಾಲೆ ತಿದ್ದಿದ್ರಾತು ಅಂತ ಬಿಟ್ಟಿದ್ದೆ."

"ಇಬ್ಬರೂ ಕೂಡಿ ಕುರ್ಡಿಯವರ ಭತ್ತ ಕೆಡಿಸೀವಿ ಅನ್ನು" ಅಂದೆ. ಸಿಟ್ಟಿನಿಂದಲೇ ಅಂದೆ. ಆಕಿ ಅಲ್ಲೇ ಕುಂತು ಸಂಜಿ ತನಕ ತಿದ್ದಿದಳು. ಈಗ ದೇವರು ಎಲ್ಲಿ ಕುಂತರೂ ಸೊನ್ನಿ.

ಸಾವುಕಾರನಿಗೆ ಖುಷಿ. ಡಬ್ಬಿ ಇರಲಿ ಅಂದ. ಕುರ್ಡಿಯವರಿಗೆ ಹೇಳಬೇಕಲ್ಲ ಅಂದರೆ, "ಆಗಿದ್ದು ಆತು. ಅದನ್ಯಾಕ ಕೆದರತಿ?"

"ನೀವು ಹೇಳದಿದ್ರ ನಾ ಹೋಗಿ ಹೇಳತೀನಿ."

"ಹೋದ್ರ ಚೀಲ ಹೊಲಿಯೋ ಶೆಡ್ಡೇ ಗತಿ ನೋಡು."

"ಹೊಲಿಗಿ ನನಗ ಬರತದ್ರೀ."

೧ ಡಿಸೆಂಬರ್, ಭಾನುವಾರ

ಕುರ್ಡಿಗೆ ಹೋಗಿ ಬಂದೆ. ಹನುಮಪ್ಪನ ಗುಡಿಯ ಕಟ್ಟಿಯ ಮ್ಯಾಲೆ ಹತ್ತಿಪ್ಪತ್ತು ಮಂದಿ ಕುಂತಿದ್ದರು. ನಿಂತುಕೊಂಡೇ ಹೇಳಿದೆ. ಯಾರೋ ಹಿಂದಿನಿಂದ, "ಹೂವು ಎಣಿಸ್ತೇನು ಡಬ್ಬಿ!" ಅಂತ ಕಿಸಕ್ಕಂತ ನಕ್ಕ. ಗಡಿಗೆಪ್ಪಣ್ಣ ನಗಲಿಲ್ಲ.

"ನನ್ನ ಭತ್ತ ಮೂರನೇ ರಾಶಿಗಿ ಹಾಕಿಸಿದಾವ ನಿನ್ನ ದೇವರೇನು ಹಂಗಾದ್ರ?"

"ದೇವರಲ್ಲ ಅಣ್ಣಾ. ನಾನು."

"ಸೋಮವಾರ ಖಾಲಿ ತಟ್ಟಿ ತೋರಿಸಿ ಕುಣದ್ಯಲ್ಲ, ಅವತ್ತ್ಯಾಕ ಹೇಳಲಿಲ್ಲ?"

"ಅವತ್ತು ಮಧ್ಯಾಹ್ನ ಗೊತ್ತಾತು. ಆಮ್ಯಾಲೆ ನಾಕು ದಿನ ಸುಮ್ಮನಿದ್ದೆ. ಜಾಗ ಹೋಗತದಂತ."

ಕಟ್ಟಿಯ ಮ್ಯಾಲೆ ಯಾರೂ ಕುಂದ್ರು ಅಂತ ಅನ್ನಲಿಲ್ಲ. ಬಸ್ಸಿನ ತನಕ ಒಬ್ಬಾಕೆ ನಡೆದು ಬಂದೆ. ನನ್ನ ಊರೇ ಅದು.

೨ ಡಿಸೆಂಬರ್, ಸೋಮವಾರ

ಕುರ್ಡಿಯಿಂದ ಹನ್ನೊಂದು ಮಂದಿ ಬಂದು ಮಿಲ್ಲಿನ ಬಾಗಿಲಲ್ಲಿ ಕುಂತರು. ಎಲ್ಲ ಸ್ಯಾಂಪಲ್ ಪೊಟ್ಟಣ ಹೆಸರು ಬರೆದು ಮೂರು ತಿಂಗಳು ಇಡುವ ಪದ್ಧತಿ ಅದ. ತೆಗೆಸಿದರು. ಸುನಂದಾ ರಾಯಚೂರಿನಿಂದ ಬಂದು ಡಬ್ಬಿ ನಡೆಸಿದಳು, ನಾನು ಬೆರಳಿಂದ ಎಣಿಸಿದೆ. ಎರಡೂ ಸೋಮವಾರದ್ದು ಸಾವುಕಾರ ಹಲ್ಲು ಕಡಿಯುತ್ತಾ ತಿದ್ದಿದ. ತಿದ್ದಿ ಮುಗಿಸಿ ನನಗೆ ಶೆಡ್ಡಿನ ಕಡೆ ಕೈ ತೋರಿಸಿದ. ಹೋದೆ.

೫ ಡಿಸೆಂಬರ್, ಗುರುವಾರ

ಶೆಡ್ಡಿನಲ್ಲಿ ಧೂಳು. ದಬ್ಬಣ ಎರಡು ಸಲ ಚುಚ್ಚಿತು. ಚೀಲದ ಬಾಯಿ ಹೊಲಿಯುವುದರಲ್ಲಿ ಏನು ಎಣಿಸಲಿ, ಹೊಲಿಗಿ ಎಣಿಸುತ್ತೇನೆ. ದೇವದುರ್ಗದವನು ಮತ್ತೆ ಒಪ್ಪಿದನಂತೆ, ಸುನಂದಾ ಹೇಳಿದಳು. ಪರದಿಯಲ್ಲಿ ಒಂದು ಮೂಲಿ ಬಯಲಾದಾಗ ಇಡೀ ಚಿತ್ರ ಬರೆಯುತ್ತಿದ್ದಳಂತೆ, ಅದಕ್ಕೆ ತಡ ಆಗುತ್ತಿತ್ತಂತೆ. "ಬಯಲಾದಷ್ಟೇ ಬರಿಯಬೇಕಂತ ನೀನೇ ಹೇಳಿದ್ದಿಲ್ಲೇನು, ಮತ್ತ ನೀನೇ ಮರೀತಿ" ಅಂತ ಬೈದೆ.

೯ ಡಿಸೆಂಬರ್, ಸೋಮವಾರ

ಮುಂಜಾನೆ ನಿಂಗರಾಜ ಶೆಡ್ಡಿಗೆ ಓಡಿ ಬಂದ. "ಬರ್ರಿ ಲಗೂ, ಕುರ್ಡಿಯವರು ಟ್ರ್ಯಾಕ್ಟರ್ ಬಾಗಲದಾಗೇ ನಿಂದ್ರಸ್ಯಾರ. ಬಸವಂತಮ್ಮ ಇಲ್ದೇ ಚೀಲ ಬಿಚ್ಚಂಗಿಲ್ಲ ಅನ್ನಾಕತ್ತಾರ."

ಕೈಯ ಧೂಳು ಒರೆಸಿಕೊಂಡು ಹೋದೆ. ಗಡಿಗೆಪ್ಪಣ್ಣ ನನ್ನ ಮಾರಿ ನೋಡಲಿಲ್ಲ, ಸಾವುಕಾರನಿಗೇ ಹೇಳಿದ. "ಡಬ್ಬಿನೂ ಎಣಿಸಲಿ, ಈಕಿನೂ ಎಣಿಸಲಿ. ತನ್ನ ತಪ್ಪು ಊರ ಕಟ್ಟಿಗಿ ಬಂದು ಹೇಳಿದಾಕಿ ನನ್ನ ಭತ್ತದ ತಪ್ಪೂ ಹೇಳಲಿ."

ಸಾವುಕಾರ ಕೈ ಬೀಸಿದ, ಕುಂದ್ರು ಅಂತ. ಗುಂಡಿ ನಾನೇ ಒತ್ತಿದೆ. ಡಬ್ಬಿ ಏಳು ಅಂತು. ಆಮ್ಯಾಲೆ ಬೆರಳಿಂದ ಆರಿಸಿದೆ. ಎಂಟು ಬಂತು. ಮತ್ತೊಮ್ಮೆ ಆರಿಸಿದೆ, ಎಂಟೇ. ಒಂದು ಮೂಲಿಯಲ್ಲಿ ಎರಡು ಬಿಳಿ ಕಾಳು ಮೈಗೆ ಮೈ ಹಚ್ಚಿಕೊಂಡು ಬಿದ್ದಿದ್ದವು, ಡಬ್ಬಿ ಎರಡನ್ನೂ ಕೂಡಿಸಿ ಒಂದಂತ ತಿಳಿದಿತ್ತು. ಏಳರ ತನಕ ಒಂದನೇ ರಾಶಿ, ಎಂಟಾದರೆ ಎರಡನೆಯದು. ಗಡಿಗೆಪ್ಪಣ್ಣನಿಗೂ ಅದು ಗೊತ್ತು, ಸಾವುಕಾರನಿಗೂ ಗೊತ್ತು. ಇಬ್ಬರೂ ನನ್ನ ಬಾಯಿ ನೋಡುತ್ತಿದ್ದರು.

"ಡಬ್ಬಿ ಏಳು ಅಂತಲ್ಲವಾ ತಂಗಿ" ಅಂದ ಗಡಿಗೆಪ್ಪಣ್ಣ ಸಣ್ಣ ದನಿಯಲ್ಲಿ.

"ಡಬ್ಬಿಗಿ ತಾಗಿದ ಕಾಳು ತಿಳಿಯಂಗಿಲ್ಲಣ್ಣಾ. ಎಂಟು ಅದಾವ. ಬರಿಯೋ ನಿಂಗರಾಜ, ಎಂಟು."

ಗಡಿಗೆಪ್ಪಣ್ಣ ನನ್ನ ಮಾರಿ ನೋಡಿ ಟವಲ್ಲು ಹೆಗಲಿಗೆ ಹಾಕಿಕೊಂಡ. "ಡಬ್ಬಿಗಿಂತ ನೀನೇ ಖರಾಬು ಅದೀ ಬಿಡು" ಅಂದು, ಹಿಂದಿನ ಟ್ರ್ಯಾಕ್ಟರಿನವನಿಗೆ, "ಲೇ, ಚೀಲ ಬಿಚ್ಚಲೇ, ಈಕಿ ಕುಂತಾಳ" ಅಂತ ಕೂಗಿದ.

ಸುನಂದಾಳಿಗೆ ಅಲ್ಲಿಂದಲೇ ಫೋನು ಹಚ್ಚಿದೆ. ಗುರುವಾರ ಬರುತ್ತಾಳೆ. ಬರಲಿ. ಎರಡು ಕಾಳು ಒಂದು ಹೆಂಗಾದವು ಅಂತ ಕೇಳುವುದದ.